ಮಕ್ಕಳ ಜೊತೆ ಸಪ್ಪೊರೊ: ಯಾವ ರಜೆಗೆ ಹೋದರೆ ಏನು ಸಿಗುತ್ತದೆ

ಜಪಾನ್ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಟೋಕಿಯೊ, ಕ್ಯೋಟೊ. ಎರಡೂ ಚೆನ್ನಾಗಿವೆ. ಆದರೆ ಜೊತೆಗೆ ಮೂರು ವರ್ಷದ ಮಗ, ಆರು ವರ್ಷದ ಮಗಳು, ಮಂಡಿ ನೋವಿರುವ ಅತ್ತೆ ಇದ್ದರೆ? ನನ್ನನ್ನು ಕೇಳಿದರೆ ಸಪ್ಪೊರೊಗೆ ಹೋಗಿ ಅನ್ನುತ್ತೇನೆ. ಇದು ಜಪಾನಿನ ಉತ್ತರ ತುದಿಯ ಹೊಕ್ಕೈಡೊ ದ್ವೀಪದ ರಾಜಧಾನಿ. ಸುಮಾರು 20 ಲಕ್ಷ ಜನ ಇರುವ ದೊಡ್ಡ ಊರು. ಆದರೂ ರಸ್ತೆಗಳು ಅಗಲ, ಪಾರ್ಕುಗಳು ಜಾಸ್ತಿ, ಮಕ್ಕಳು ಕೈ ಬಿಡಿಸಿಕೊಂಡು ಓಡಿದರೂ ಎದೆ ಧಸಕ್ ಅನ್ನುವುದಿಲ್ಲ.

ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಈ ಊರಿಗೆ ಜಾಗಗಳ ಪಟ್ಟಿ ಹಿಡಿದು ಹೊರಡಬೇಡಿ. ಮೊದಲು ತಿಂಗಳು ಆರಿಸಿ. ಫೆಬ್ರವರಿಯಲ್ಲಿ ನೋಡಿದ ಪಾರ್ಕನ್ನು ಜುಲೈನಲ್ಲಿ ನೋಡಿದರೆ ಗುರುತೇ ಸಿಗುವುದಿಲ್ಲ. ಏನು ನೋಡಬೇಕು, ಏನು ಹಾಕಿಕೊಳ್ಳಬೇಕು, ಎಷ್ಟು ಹೊತ್ತಿಗೆ ಹೋಟೆಲಿಗೆ ವಾಪಸ್ ಬರಬೇಕು, ಎಲ್ಲವನ್ನೂ ಇಲ್ಲಿ ಕಾಲವೇ ತೀರ್ಮಾನ ಮಾಡುತ್ತದೆ.

ಹೆಜ್ಜೆ 1: ಶಾಲೆಯ ರಜೆ ನೋಡಿ ತಿಂಗಳು ಗೊತ್ತು ಮಾಡಿ

ನಮ್ಮ ಕಡೆಯ ಮಕ್ಕಳಿಗೆ ಏಪ್ರಿಲ್-ಮೇ, ದಸರಾ, ಕ್ರಿಸ್‌ಮಸ್, ಈ ಮೂರೇ ದೊಡ್ಡ ರಜೆಗಳು. ಮೂರಕ್ಕೂ ಸಪ್ಪೊರೊದಲ್ಲಿ ಏನಾದರೂ ಇದ್ದೇ ಇದೆ.

ಬೇಸಿಗೆ ರಜೆ ಅಂತ ಏಪ್ರಿಲ್ ಮೊದಲ ವಾರವೇ ಹೊರಟುಬಿಡಬೇಡಿ. ಆಗ ಹಿಮ ಕರಗಿ ರಸ್ತೆ ಬದಿಯೆಲ್ಲ ಕಪ್ಪು ಕೆಸರು, ಮರಗಳು ಬೋಳು. ಟೋಕಿಯೊದಲ್ಲಿ ಚೆರ್ರಿ ಹೂವು ಉದುರಿ ಹೋದ ಎಷ್ಟೋ ದಿನಗಳ ಮೇಲೆ, ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರಕ್ಕೆ ಇಲ್ಲಿ ಅರಳುತ್ತದೆ. ಆದರೆ ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿನವರಿಗೂ ಸಾಲು ರಜೆ. ಹೋಟೆಲ್ ದರ ಗಗನಕ್ಕೇರುತ್ತದೆ. ಮೇ 6 ದಾಟಿದ ಮೇಲೆ ಹೋದರೆ ಜನ ಕಮ್ಮಿ. ತಡವಾಗಿ ಅರಳಿದ ಚೆರ್ರಿ ಅದೃಷ್ಟವಿದ್ದರೆ ಸಿಗುತ್ತದೆ, ತಿಂಗಳ ಕೊನೆಗೆ ಲೈಲಾಕ್ ಹೂವಿನ ಘಮ ಖಂಡಿತ ಸಿಗುತ್ತದೆ. ಲೈಲಾಕ್ ಈ ಊರಿನ ಅಧಿಕೃತ ಮರ. ಮೇ ತಿಂಗಳಲ್ಲಿ ಅದಕ್ಕೆಂದೇ ಒಂದು ಹಬ್ಬ ಮಾಡುತ್ತಾರೆ.

ದಸರಾ ರಜೆ ಅಕ್ಟೋಬರ್ ಮೊದಲ ಎರಡು ವಾರದಲ್ಲಿ ಬಿದ್ದರೆ ಒಳ್ಳೆಯ ಅದೃಷ್ಟ. ಬೆಟ್ಟಗಳೆಲ್ಲ ಕೆಂಪು, ಹಳದಿ. ಹೊಕ್ಕೈಡೊ ವಿಶ್ವವಿದ್ಯಾಲಯದ ಒಳಗೆ ಗಿಂಕೊ ಮರಗಳ ಸಾಲು ಇದೆ, ಅದು ಬಂಗಾರದ ಬಣ್ಣಕ್ಕೆ ತಿರುಗುವುದು ಅಕ್ಟೋಬರ್ ಕೊನೆ, ನವೆಂಬರ್ ಶುರುವಿಗೆ.

ಕ್ರಿಸ್‌ಮಸ್ ರಜೆಗೆ ಹೋದರೆ ಹಿಮ ಮತ್ತು ದೀಪ. 1981ರಲ್ಲಿ ಶುರುವಾದ ವೈಟ್ ಇಲ್ಯುಮಿನೇಷನ್ ನವೆಂಬರ್ ಕೊನೆಯಿಂದಲೇ ಊರಿನ ನಡುವಿನ ಓದೊರಿ ಪಾರ್ಕಿನಲ್ಲಿ ಹೊಳೆಯುತ್ತಿರುತ್ತದೆ. ಅದರ ಪಕ್ಕದಲ್ಲೇ ಜರ್ಮನಿಯ ಮ್ಯೂನಿಕ್ ಮಾದರಿಯ ಕ್ರಿಸ್‌ಮಸ್ ಸಂತೆ. ಮ್ಯೂನಿಕ್ ಮತ್ತು ಸಪ್ಪೊರೊ 1972ರಿಂದ ಸೋದರ ನಗರಗಳು. ಆ ವರ್ಷ ಚಳಿಗಾಲದ ಒಲಿಂಪಿಕ್ಸ್ ಇಲ್ಲಿ, ಬೇಸಿಗೆಯ ಒಲಿಂಪಿಕ್ಸ್ ಅಲ್ಲಿ ನಡೆದಿತ್ತು. ಸಂತೆ ಡಿಸೆಂಬರ್ 25ರ ಹೊತ್ತಿಗೆ ಮುಗಿಯುತ್ತದೆ, ಹೊರಡುವ ಮುಂಚೆ ಆ ವರ್ಷದ ದಿನಾಂಕ ನೋಡಿಕೊಳ್ಳಿ.

ಹೊರದೇಶದಲ್ಲಿದ್ದು ಜುಲೈ-ಆಗಸ್ಟ್ ರಜೆ ಇರುವ ಕನ್ನಡದ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ. ಟೋಕಿಯೊ 35 ಡಿಗ್ರಿಯಲ್ಲಿ ಬೇಯುವಾಗ ಇಲ್ಲಿ ಆಗಸ್ಟಿನ ಮಧ್ಯಾಹ್ನ ಸಾಮಾನ್ಯವಾಗಿ 26-27. ದಕ್ಷಿಣ ಜಪಾನಿನ ಜೂನ್ ಮಳೆಗಾಲವೂ ಇಲ್ಲಿಗೆ ಅಷ್ಟಾಗಿ ಬರುವುದಿಲ್ಲ.

ಹೆಜ್ಜೆ 2: ವಿಮಾನ ನಿಲ್ದಾಣದಿಂದ ಊರೊಳಗೆ

ಬೆಂಗಳೂರಿನಿಂದ ಟೋಕಿಯೊಗೆ ನೇರ ವಿಮಾನ ಇದೆ. ಅಲ್ಲಿಂದ ಸಪ್ಪೊರೊದ ನ್ಯೂ ಚಿಟೋಸೆ ನಿಲ್ದಾಣಕ್ಕೆ ಒಂದೂವರೆ ಗಂಟೆ ಚಿಲ್ಲರೆ. ಮಕ್ಕಳಿದ್ದರೆ ಟೋಕಿಯೊದಲ್ಲಿ ಒಂದು ರಾತ್ರಿ ಮಲಗಿ ಮುಂದೆ ಹೋಗಿ. ಸಮಯ ನಮಗಿಂತ ಮೂರೂವರೆ ಗಂಟೆ ಮುಂದೆ. ಮೊದಲ ದಿನ ಮಕ್ಕಳು ಅಲ್ಲಿಯ ಬೆಳಗ್ಗೆ ಹತ್ತಾದರೂ ಏಳುವುದಿಲ್ಲ, ಸಂಜೆ ಹಠ ಮಾಡುತ್ತಾರೆ. ಆ ದಿನಕ್ಕೆ ಏನೂ ಇಟ್ಟುಕೊಳ್ಳಬೇಡಿ.

ನ್ಯೂ ಚಿಟೋಸೆಯ ನೆಲಮಾಳಿಗೆಯಲ್ಲೇ ರೈಲು. ರ್‍ಯಾಪಿಡ್ ಏರ್‌ಪೋರ್ಟ್ ಅನ್ನುವ ಗಾಡಿ ಸುಮಾರು 40 ನಿಮಿಷಕ್ಕೆ ಸಪ್ಪೊರೊ ಸ್ಟೇಷನ್ ಮುಟ್ಟಿಸುತ್ತದೆ. ಸ್ವಲ್ಪ ಹೆಚ್ಚು ಕೊಟ್ಟರೆ ಕಾದಿರಿಸಿದ ಸೀಟು ಸಿಗುತ್ತದೆ. ಸೂಟ್‌ಕೇಸ್, ಮಗುವಿನ ತಳ್ಳುಗಾಡಿ, ಅತ್ತೆಯವರು ಎಲ್ಲ ಸೇರಿದಾಗ ಆ ಸ್ವಲ್ಪ ಹಣಕ್ಕೆ ಹಿಂದೆ ಮುಂದೆ ನೋಡಬೇಡಿ. ಶಾಲೆ ಸೇರದ, ಆರು ವರ್ಷದೊಳಗಿನ ಮಕ್ಕಳು ದೊಡ್ಡವರ ತೊಡೆಯ ಮೇಲೆ ಕೂತರೆ ಉಚಿತ, ಒಬ್ಬ ದೊಡ್ಡವರಿಗೆ ಇಬ್ಬರ ತನಕ. ಆರರಿಂದ ಹನ್ನೊಂದು ವರ್ಷದವರಿಗೆ ಅರ್ಧ ಟಿಕೆಟ್.

ಹೆಜ್ಜೆ 3: ಊರಿನ ಲೆಕ್ಕ ಕಲಿಯಿರಿ

ಸಪ್ಪೊರೊ ಚದುರಂಗದ ಮಣೆಯ ಥರ. ಓದೊರಿ ಪಾರ್ಕು ಊರನ್ನು ಉತ್ತರ-ದಕ್ಷಿಣ ಅಂತ ಸೀಳುತ್ತದೆ. ಸೋಸೆ ಅನ್ನುವ ಸಣ್ಣ ನದಿ ಪೂರ್ವ-ಪಶ್ಚಿಮ ಅಂತ. ಕಿತಾ ಅಂದರೆ ಉತ್ತರ, ಮಿನಾಮಿ ದಕ್ಷಿಣ, ನಿಶಿ ಪಶ್ಚಿಮ, ಹಿಗಾಶಿ ಪೂರ್ವ. ‘ಕಿತಾ 1, ನಿಶಿ 4’ ಅಂತ ಫಲಕ ಕಂಡರೆ ಪಾರ್ಕಿನಿಂದ ಒಂದು ಸಾಲು ಮೇಲೆ, ನದಿಯಿಂದ ನಾಲ್ಕು ಸಾಲು ಎಡಕ್ಕೆ ಅಂತ ಅರ್ಥ. ನಮ್ಮ ಮಗಳು ಎರಡನೇ ದಿನಕ್ಕೆ ಇದನ್ನು ಹಿಡಿದುಬಿಟ್ಟಳು. ಆಮೇಲೆ ಪ್ರತಿ ಸಿಗ್ನಲ್ಲಿನಲ್ಲೂ ದಾರಿ ಹೇಳುವ ಕೆಲಸ ಅವಳದೇ. ನಡೆಯಲ್ಲ ಅಂತ ಹಠ ಮಾಡುವ ಮಗುವಿಗೆ ಇದಕ್ಕಿಂತ ಒಳ್ಳೆಯ ಆಟ ಬೇರೆ ಇಲ್ಲ.

ಮೆಟ್ರೊ ಲೈನ್ ಮೂರೇ: ಹಸಿರು, ಕಿತ್ತಳೆ, ನೀಲಿ. ಮೂರೂ ಓದೊರಿ ಸ್ಟೇಷನ್ನಿನಲ್ಲಿ ಸೇರುತ್ತವೆ. ಇಲ್ಲಿಯ ಗಾಡಿಗಳು ರಬ್ಬರ್ ಚಕ್ರದ ಮೇಲೆ ಓಡುತ್ತವೆ, ಗಡಗಡ ಸದ್ದು ಕಮ್ಮಿ, ಮಲಗಿದ ಮಗು ಏಳುವುದಿಲ್ಲ. ಶನಿವಾರ, ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ‘ದೊನಿಚಿಕಾ’ ಅನ್ನುವ ದಿನದ ಟಿಕೆಟ್ ಇದೆ. ನಾವು ಹೋದಾಗ ದೊಡ್ಡವರಿಗೆ 520 ಯೆನ್, ಮಕ್ಕಳಿಗೆ 260. ಮೂರು ಸಲ ಹತ್ತಿ ಇಳಿದರೆ ದುಡ್ಡು ಬಂದ ಹಾಗೆ. ದೂರದ ಜಾಗಗಳನ್ನು ವಾರಾಂತ್ಯಕ್ಕೆ ಇಟ್ಟುಕೊಳ್ಳಿ.

ಹೋಟೆಲ್ ಸಪ್ಪೊರೊ ಸ್ಟೇಷನ್ ಮತ್ತು ಓದೊರಿ ನಡುವೆ ಎಲ್ಲಿ ಸಿಕ್ಕಿದರೂ ಸರಿ. ಇವೆರಡರ ನಡುವೆ 2011ರಲ್ಲಿ ತೆರೆದ ಚಿಕಾಹೊ ಅನ್ನುವ ನೆಲದಡಿಯ ಕಾಲುದಾರಿ ಇದೆ. ಮೇಲೆ ಹಿಮ ಬೀಳುತ್ತಿದ್ದರೂ ಕೆಳಗೆ ಬೆಚ್ಚಗೆ ನಡೆದು ಹೋಗಬಹುದು.

ಹೆಜ್ಜೆ 4: ಮೊದಲ ಸಂಜೆ ಓದೊರಿ ಪಾರ್ಕು, ಮತ್ತೇನೂ ಬೇಡ

ಒಂದೂವರೆ ಕಿಲೋಮೀಟರ್ ಉದ್ದದ ಪಾರ್ಕು ಇದು. ಪೂರ್ವದ ತುದಿಯಲ್ಲಿ 1957ರ ಟಿವಿ ಟವರ್, ಎತ್ತರ 147 ಮೀಟರ್. ಅದನ್ನು ಹತ್ತುವುದು ನಿಮ್ಮ ಇಷ್ಟ. ಊರನ್ನು ಮೇಲಿನಿಂದ ಒಂದೇ ಸಲ ನೋಡುವ ಹಾಗಿದ್ದರೆ ಹೆಜ್ಜೆ 6ರಲ್ಲಿ ಹೇಳುವ ಮೊಯಿವಾ ಬೆಟ್ಟದ ನೋಟ ಇದಕ್ಕಿಂತ ಎಷ್ಟೋ ಮೇಲು.

ನೀವು ಹೋಗಬೇಕಾದದ್ದು ಪಶ್ಚಿಮದ ಕಡೆಗೆ, ಎಂಟು-ಒಂಬತ್ತನೇ ಸಾಲಿನ ಹತ್ತಿರ. ಅಲ್ಲಿ ಕರಿ ಗ್ರಾನೈಟಿನ ಒಂದು ಜಾರುಬಂಡೆ ನಿಂತಿದೆ. ಬಸವನ ಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಕಲ್ಲು. ಒಳಗಿನಿಂದ ಮೆಟ್ಟಿಲು ಹತ್ತಿದರೆ ಹೊರಮೈಯಲ್ಲಿ ಜಾರಿ ಬರಬಹುದು. ಮಾಡಿದವರು ಇಸಾಮು ನೊಗುಚಿ, ಪ್ರಪಂಚವೇ ಗೌರವಿಸುವ ಶಿಲ್ಪಿ. ಮಕ್ಕಳು ಕೂತು ಜಾರಿ ಜಾರಿ ಕಲ್ಲು ನಯವಾದಾಗಲೇ ತನ್ನ ಕೆಲಸ ಪೂರ್ತಿಯಾಗುವುದು ಅಂತ ಅವರು ಹೇಳುತ್ತಿದ್ದರಂತೆ. ಹೋದಾಗ ಜಾರುವ ಜಾಗದ ಮೇಲೆ ಅಂಗೈ ಇಟ್ಟು ನೋಡಿ. ಬದಿಯ ಕಲ್ಲಿಗೂ ಅದಕ್ಕೂ ಇರುವ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ನಮ್ಮ ಹಳೇ ದೇವಸ್ಥಾನಗಳ ಹೊಸ್ತಿಲು ಕಾಲು ತಾಗಿ ತಾಗಿ ಹೊಳೆಯುತ್ತದಲ್ಲ, ಹಾಗೆ. ನನ್ನ ಮಗ ಇಪ್ಪತ್ತು ಸಲ ಜಾರಿದ. ಬೇಡ ಅನ್ನಲು ನನಗೆ ಮನಸ್ಸೇ ಬರಲಿಲ್ಲ.

ಹಿಮಗಾಲದಲ್ಲಿ ಇದು ಸಿಗುವುದಿಲ್ಲ. ಏಪ್ರಿಲ್ ಕೊನೆಯಿಂದ ಅಕ್ಟೋಬರ್ ತನಕ ಪಾರ್ಕಿನಲ್ಲಿ ಜೋಳದ ಗಾಡಿಗಳೂ ನಿಂತಿರುತ್ತವೆ. ಸೋಯಾ ಸಾಸ್ ಸವರಿ ಸುಟ್ಟ ಮುಸುಕಿನ ಜೋಳ, ಬೆಣ್ಣೆ ಹಾಕಿದ ಬಿಸಿ ಆಲೂಗಡ್ಡೆ. ಸಸ್ಯಾಹಾರಿಗಳು ಎರಡನೇ ಮಾತಿಲ್ಲದೆ ತಿನ್ನಬಹುದು.

ಹೆಜ್ಜೆ 5: ಒಂದು ಪೂರ್ತಿ ದಿನ ಮೊಯೆರೆನುಮಾಗೆ ಕೊಡಿ

ಸಪ್ಪೊರೊದಲ್ಲಿ ಒಂದೇ ಒಂದು ಜಾಗ ನೋಡಲು ಸಮಯ ಇದ್ದರೆ ಅದು ಮೊಯೆರೆನುಮಾ ಪಾರ್ಕು. ಪ್ರವೇಶ ಉಚಿತ.

ಮೊದಲು ಇದು ಕಸದ ಗುಂಡಿ. 1979ರಿಂದ 1990ರವರೆಗೆ ಊರಿನ ಸುಮಾರು 27 ಲಕ್ಷ ಟನ್ ಕಸ ಇಲ್ಲಿ ಬಿದ್ದಿದೆ. 1988ರಲ್ಲಿ ನೊಗುಚಿ ಬಂದು ಈ ಜಾಗ ನೋಡಿದರು. ಇಡೀ ಪಾರ್ಕೇ ಒಂದು ಶಿಲ್ಪ ಆಗಲಿ ಅಂತ ಮಾದರಿ ಮಾಡಿಕೊಟ್ಟರು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಉಳಿದವರು ಆ ಮಾದರಿ ಹಿಡಿದು ಕೆಲಸ ಮುಂದುವರಿಸಿದರು. ಪಾರ್ಕು ಪೂರ್ತಿ ತೆರೆದದ್ದು 2005ರಲ್ಲಿ. ಕಸದ ಬೆಟ್ಟಗಳನ್ನು ದಿನಾ ನೋಡುವ ಬೆಂಗಳೂರಿನವಳಾದ ನನಗೆ ಅಲ್ಲಿಯ ಹುಲ್ಲಿನ ಮೇಲೆ ಕೂತಾಗ ಗಂಟಲು ಕಟ್ಟಿತು. ನಮ್ಮಲ್ಲೂ ಹೀಗೆ ಆಗಬಹುದು ಅಲ್ವಾ ಅನಿಸಿತು.

ಹೋಗುವುದು ಹೀಗೆ: ನೀಲಿ ಲೈನ್ ಹಿಡಿದು ಕಾನ್ಜೊದೋರಿ-ಹಿಗಾಶಿ ಸ್ಟೇಷನ್ನಿನಲ್ಲಿ ಇಳಿಯಿರಿ. ಮೇಲೆಯೇ ಬಸ್ ನಿಲ್ದಾಣ. ಅಲ್ಲಿಂದ ಸುಮಾರು 25 ನಿಮಿಷ. ಬಸ್ಸುಗಳು ತುಂಬ ಪದೇ ಪದೇ ಇರುವುದಿಲ್ಲ. ಇಳಿದ ಕೂಡಲೇ ವಾಪಸ್ ಬಸ್ಸಿನ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ. ನಾವು ತೆಗೆಯಲಿಲ್ಲ, ಸುಸ್ತಾದ ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ತುಂಬ ಹೊತ್ತು ಕಾಯಬೇಕಾಯಿತು.

ಬೆಳಗ್ಗೆ ಮೊದಲು ಚೆರ್ರಿ ಮರಗಳ ನಡುವಿನ ಆಟದ ಜಾಗಕ್ಕೆ ಹೋಗಿ. ಅಲ್ಲಿ 126 ಆಟದ ಸಾಮಾನುಗಳಿವೆ, ಎಲ್ಲ ನೊಗುಚಿಯದೇ ಆಕಾರ, ಬಣ್ಣ. ಒಂದು ಕಡೆ ಆಡಿ ಬೇಸರವಾದರೆ ಮರಗಳ ಆಚೆ ಇನ್ನೊಂದು ಕಾಣುತ್ತದೆ. ಮಧ್ಯಾಹ್ನ ಗಾಜಿನ ಪಿರಮಿಡ್ಡಿನ ಒಳಗೆ ಕೂತು ಬುತ್ತಿ ಬಿಚ್ಚಿ. ಚಳಿಗಾಲದ ಹಿಮವನ್ನೇ ಕೂಡಿಟ್ಟು ಬೇಸಿಗೆಯಲ್ಲಿ ಈ ಕಟ್ಟಡ ತಂಪು ಮಾಡುತ್ತಾರೆ ಅಂತ ಮಕ್ಕಳಿಗೆ ಹೇಳಿ, ಕಣ್ಣರಳಿಸುತ್ತಾರೆ. ಬಿಸಿಲಿಳಿದ ಮೇಲೆ 62 ಮೀಟರ್ ಎತ್ತರದ ಮೊಯೆರೆ ಬೆಟ್ಟ ಹತ್ತಿ. ಆರು ವರ್ಷದವರು ಆರಾಮಾಗಿ ಹತ್ತುತ್ತಾರೆ. ಹಿರಿಯರು ಕೆಳಗೆ ನೆರಳಲ್ಲಿ ಕೂತಿರಲಿ.

ಬೇಸಿಗೆಯಲ್ಲಿ 25 ಮೀಟರ್ ತನಕ ಚಿಮ್ಮುವ ಕಾರಂಜಿ ಇದೆ, ದಿನಕ್ಕೆ ಕೆಲವೇ ಸಲ, ಸಮಯ ನೋಡಿಕೊಳ್ಳಿ. ಮೊಣಕಾಲುದ್ದ ನೀರಿನ ಕೊಳವೂ ಇದೆ. ಮಕ್ಕಳಿಗೆ ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಂಡೇ ಹೋಗಿ. ಸೈಕಲ್ ಬಾಡಿಗೆಗೆ ಸಿಗುತ್ತದೆ. ಚಳಿಗಾಲದಲ್ಲಿ ಇದೇ ಬೆಟ್ಟ ಹಿಮದ ಜಾರುಬಂಡೆ ಆಗುತ್ತದೆ, ಕೂತು ಜಾರುವ ಸ್ಲೆಡ್ ಬಾಡಿಗೆಗೆ ಕೊಡುತ್ತಾರೆ.

ಹೆಜ್ಜೆ 6: ಪ್ರಾಣಿ, ಬೆಟ್ಟ, ಮತ್ತು ಮಳೆ ಬಂದರೆ

ಕಿತ್ತಳೆ ಲೈನಿನ ಮರುಯಾಮಾ-ಕೋಎನ್ ಸ್ಟೇಷನ್ ಹತ್ತಿರ 1951ರಿಂದ ಇರುವ ಮೃಗಾಲಯ. ಆನೆ ನೋಡಲು ಅಲ್ಲಿ ತನಕ ಯಾಕೆ ಅನ್ನಬೇಡಿ. ಮ್ಯಾನ್ಮಾರ್‌ನಿಂದ 2018ರಲ್ಲಿ ಬಂದ ನಾಲ್ಕು ಆನೆಗಳ ಸಂಸಾರ ಅದು, 2023ರಲ್ಲಿ ಒಂದು ಮರಿಯೂ ಹುಟ್ಟಿತು. ಆದರೆ ಮಕ್ಕಳು ಕದಲದೆ ನಿಲ್ಲುವುದು ಹಿಮಕರಡಿಯ ಮನೆಯಲ್ಲಿ. ನೀರಿನ ಅಡಿಯ ಗಾಜಿನ ಸುರಂಗದಲ್ಲಿ ನಿಂತರೆ ಕರಡಿ ತಲೆಯ ಮೇಲೆಯೇ ಈಜಿ ಹೋಗುತ್ತದೆ. ಪಕ್ಕದ ಕಾಡಿನಲ್ಲಿ ಹೊಕ್ಕೈಡೊ ದೇವಾಲಯ ಇದೆ. ಹಿರಿಯರಿಗೆ ಅಲ್ಲಿಯ ಮರಗಳ ನೆರಳು ಹಿಡಿಸುತ್ತದೆ. ಒಂದು ಎಚ್ಚರಿಕೆ: ಈ ಊರಿನ ಸುತ್ತಲಿನ ಕಾಡಿನಲ್ಲಿ ಕಂದು ಕರಡಿಗಳಿವೆ. ಬೆಟ್ಟದ ಕಾಲುದಾರಿಯಲ್ಲಿ ಕರಡಿ ಚಿತ್ರದ ಫಲಕ ಹಾಕಿ ಮುಚ್ಚಿದ್ದರೆ ಅಲ್ಲಿಂದಲೇ ತಿರುಗಿ ಬನ್ನಿ.

ಮೊಯಿವಾ ಬೆಟ್ಟಕ್ಕೆ ಟ್ರಾಮಿನಲ್ಲಿ ಹೋಗಿ, ರೋಪ್‌ವೇ ಸ್ಟಾಪಿನಲ್ಲಿ ಇಳಿಯಿರಿ. ಬೆಟ್ಟ 531 ಮೀಟರ್. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಮೇಲಿರಬೇಕು. ಊರಿನ ದೀಪಗಳು ಒಂದೊಂದಾಗಿ ಹತ್ತುವುದನ್ನು ನೋಡುವುದೇ ಚೆಂದ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು. ಜೂನಿನಲ್ಲಿ ಇದು ಉಲ್ಟಾ, ಬೆಳಗಿನ ಜಾವ ನಾಲ್ಕಕ್ಕೇ ಬೆಳಕು. ಕಿಟಕಿ ಪರದೆ ಬಿಗಿಯಾಗಿ ಎಳೆದು ಮಲಗಿ, ಇಲ್ಲದಿದ್ದರೆ ಮಕ್ಕಳು ನಿಮ್ಮನ್ನು ಮಲಗಲು ಬಿಡುವುದಿಲ್ಲ.

ಮಳೆಯ ದಿನಕ್ಕೆ ತನುಕಿಕೋಜಿ ಅನ್ನುವ ಸೂರು ಹಾಕಿದ ಹಳೇ ಪೇಟೆ ಬೀದಿ ಇದೆ. ಅದರ ಮಗ್ಗುಲಲ್ಲೇ 2023ರಲ್ಲಿ ಶುರುವಾದ ಅಓಅಓ ಅನ್ನುವ ಅಕ್ವೇರಿಯಂ. ರಾತ್ರಿ ಹತ್ತರ ತನಕ ತೆರೆದಿರುತ್ತದೆ. ಪೆಂಗ್ವಿನ್ ನೋಡಿ ಸೀದಾ ಹೋಟೆಲಿಗೆ ಬಂದು ಮಲಗಬಹುದು.

ಹೆಜ್ಜೆ 7: ಚಳಿಗಾಲವಾದರೆ ಮೊದಲು ನಡೆಯಲು ಕಲಿಯಿರಿ

ಇಲ್ಲಿ ಒಂದು ಚಳಿಗಾಲಕ್ಕೆ ಬೀಳುವ ಹಿಮ ಒಟ್ಟು ಸೇರಿದರೆ ಸುಮಾರು ಐದು ಮೀಟರ್. ಚಳಿಗಿಂತ ಹೆಚ್ಚು ಕಾಡುವುದು ಜಾರುವ ನೆಲ. ಜನ ತುಳಿದು ತುಳಿದು ಕಾಲುದಾರಿ ಗಾಜಿನ ಹಾಗೆ ಆಗಿರುತ್ತದೆ. ಬೆಂಗಳೂರಿನಿಂದ ದುಬಾರಿ ಶೂ ಕೊಂಡು ಹೋಗಬೇಡಿ. ಮಾಮೂಲಿ ಶೂ ಅಡಿಗೆ ಕಟ್ಟಿಕೊಳ್ಳುವ ಮುಳ್ಳಿನ ಪಟ್ಟಿ ಸಪ್ಪೊರೊದ ಅಂಗಡಿಗಳಲ್ಲೇ ಸಿಗುತ್ತದೆ. ಕಟ್ಟಡದ ಒಳಗೆ ಹೋಗುವಾಗ ಬಿಚ್ಚಬೇಕು, ಟೈಲ್ಸ್ ಮೇಲೆ ಅದು ಇನ್ನೂ ಜಾಸ್ತಿ ಜಾರುತ್ತದೆ.

ರಸ್ತೆ ದಾಟುವ ಕಡೆ ಒಂದು ಪೆಟ್ಟಿಗೆ ಇಟ್ಟಿರುತ್ತಾರೆ. ಮುಚ್ಚಳ ತೆಗೆದರೆ ಒಳಗೆ ಸಣ್ಣ ಜಲ್ಲಿಪುಡಿ ತುಂಬಿದ ಚೀಲಗಳು. ಯಾರು ಬೇಕಾದರೂ ಒಂದು ಚೀಲ ತೆಗೆದು, ಹರಿದು, ಮುಂದೆ ಎರಚುತ್ತಾ ನಡೆಯಬಹುದು. ಹಿಂದೆ ಬರುವವರಿಗೂ ದಾರಿ ಆಯಿತು. ಅತ್ತೆಯವರು ಮನೆ ಮುಂದೆ ರಂಗೋಲಿ ಪುಡಿ ಉದುರಿಸುವ ಹಾಗೆ ಅದನ್ನು ಉದುರಿಸಿಕೊಂಡು ರಸ್ತೆ ದಾಟಿದರು. ಎದುರಿನಿಂದ ಬಂದ ಅಜ್ಜಿಯೊಬ್ಬರು ತಲೆ ಬಾಗಿಸಿ ಅವರಿಗೆ ನಮಸ್ಕಾರ ಮಾಡಿ ಹೋದರು.

ಹೆಜ್ಜೆ ಚಿಕ್ಕದಿರಲಿ, ಪಾದ ಪೂರ್ತಿ ಊರಿ, ಕೈ ಜೇಬಿನಲ್ಲಿ ಬೇಡ. ಬಟ್ಟೆ ಒಂದೇ ದಪ್ಪ ಕೋಟಿನ ಬದಲು ಮೂರು ಪದರ ಇರಲಿ. ಒಳಗೆಲ್ಲ ಹೀಟರ್ ಇರುವುದರಿಂದ ಬಿಚ್ಚುತ್ತಾ, ಹಾಕುತ್ತಾ ಇರಬೇಕಾಗುತ್ತದೆ.

ಫೆಬ್ರವರಿ ಮೊದಲ ಭಾಗದಲ್ಲಿ ಹಿಮದ ಹಬ್ಬ. 1950ರಲ್ಲಿ ಶಾಲಾ ಮಕ್ಕಳು ಓದೊರಿಯಲ್ಲಿ ಆರು ಹಿಮದ ಬೊಂಬೆ ಮಾಡಿದ್ದರಿಂದ ಶುರುವಾದದ್ದು. ಈಗ ಮನೆಗಿಂತ ಎತ್ತರದ ಮೂರ್ತಿಗಳನ್ನು ಕಟ್ಟುತ್ತಾರೆ. ಜಾಗ ಮೂರು. ಓದೊರಿಯಲ್ಲಿ ಹಿಮ, ಸುಸುಕಿನೊದಲ್ಲಿ ಮಂಜುಗಡ್ಡೆ, ಇವೆರಡೂ ನೋಡಲು. ಮಕ್ಕಳಿಗೆ ಬೇಕಾದದ್ದು ಮೂರನೆಯದು, ತ್ಸುಡೋಮ್. ಅಲ್ಲಿ ಹಿಮದ ಮೇಲೆ ಜಾರುವ ಆಟ, ಒಳಗೆ ಬೆಚ್ಚಗೆ ಕೂತು ಊಟ ಮಾಡುವ ದೊಡ್ಡ ಡೋಮ್ ಎರಡೂ ಇವೆ. ನೀಲಿ ಲೈನಿನ ಕೊನೆಯ ಸ್ಟೇಷನ್ ಸಕಾಯೆಮಾಚಿಯಲ್ಲಿ ಇಳಿದು ಹೋಗಬೇಕು. ಬೆಳಗ್ಗೆ ತೆರೆಯುವ ಹೊತ್ತಿಗೇ ಹೋಗಿ, ಮಧ್ಯಾಹ್ನಕ್ಕೆ ಸಾಲು ಬೆಳೆಯುತ್ತದೆ. ಹೋಟೆಲ್ ಆರು ತಿಂಗಳು ಮುಂಚೆಯೇ ಹಿಡಿಯಿರಿ.

ಹೆಜ್ಜೆ 8: ಜೋಜಾಂಕೈ, ಒಂದು ದಿನದ ಬಿಸಿನೀರು

ಸಪ್ಪೊರೊ ಸ್ಟೇಷನ್ನಿನಿಂದ ಬಸ್ಸಿನಲ್ಲಿ ಸುಮಾರು ಒಂದು ಗಂಟೆ. ಕಣಿವೆಯ ನಡುವೆ ಬಿಸಿನೀರಿನ ಬುಗ್ಗೆಗಳ ಊರು. ದಸರಾ ರಜೆಯವರು ಇದನ್ನು ಬಿಡಲೇಬಾರದು. ಜಪಾನಿನ ಸ್ನಾನದ ಮನೆಗಳಲ್ಲಿ ಬಟ್ಟೆ ಹಾಕಿಕೊಂಡು ಇಳಿಯುವ ಹಾಗಿಲ್ಲ. ನಮ್ಮ ಮನೆ ಹಿರಿಯರಿಗೆ ಇದು ಒಗ್ಗುವುದು ಕಷ್ಟ. ಮುಜುಗರ ಪಡಬೇಕಿಲ್ಲ. ‘ಆಶಿಯು’ ಅಂತ ಬರೆದ ಕಡೆ ಕಾಲು ಮಾತ್ರ ಇಳಿಬಿಟ್ಟು ಕೂರಬಹುದು, ಊರಿನಲ್ಲಿ ಉಚಿತವಾದವೂ ಇವೆ. ಒಂದು ಟವಲ್ ಇಟ್ಟುಕೊಳ್ಳಿ. ಅತ್ತೆಯವರ ಮಂಡಿಗೆ ಅವತ್ತು ಸಿಕ್ಕ ಆರಾಮ ಬೇರೆ ಯಾವ ದಿನವೂ ಸಿಗಲಿಲ್ಲ. ಮಕ್ಕಳಿಗೆ ಇಲ್ಲಿ ಕಪ್ಪ ಹುಡುಕುವ ಕೆಲಸ ಕೊಡಿ. ಕಪ್ಪ ಅಂದರೆ ನದಿಯಲ್ಲಿರುವ, ತಲೆಯ ಮೇಲೆ ತಟ್ಟೆ ಇರುವ ಕಥೆಯ ಜೀವಿ. ಊರ ತುಂಬ ಅದರ ಬೊಂಬೆಗಳಿವೆ.

ಹೆಜ್ಜೆ 9: ಊಟದ ತಯಾರಿ

ಸಸ್ಯಾಹಾರಿಗಳಿಗೆ ಇಲ್ಲಿ ನಿಜವಾದ ತೊಡಕು ಮಾಂಸಕ್ಕಿಂತ ‘ದಾಶಿ’. ಒಣಮೀನಿನಿಂದ ತೆಗೆಯುವ ಸಾರು ಇದು, ಬರೀ ತರಕಾರಿ ಅಂತ ಕಾಣುವ ಅಡುಗೆಯಲ್ಲೂ ಇರುತ್ತದೆ. ನಿಕು ಮಾಂಸ, ಸಕಾನ ಮೀನು, ತಮಾಗೊ ಮೊಟ್ಟೆ. ಕೊನೆಗೆ ‘ನಾಶಿ’ ಸೇರಿಸಿದರೆ ‘ಇಲ್ಲದೆ’ ಅಂತ. ಇವನ್ನು ಜಪಾನಿ ಲಿಪಿಯಲ್ಲಿ ಚೀಟಿ ಮಾಡಿಟ್ಟುಕೊಳ್ಳಿ. ಸಪ್ಪೊರೊದ ಹೆಸರುವಾಸಿ ಅಡುಗೆ ಸೂಪ್ ಕರಿ, ನಮ್ಮ ತೆಳು ಸಾರಿಗೆ ದೊಡ್ಡ ದೊಡ್ಡ ತರಕಾರಿ ಹಾಕಿದ ಹಾಗೆ ಕಾಣುತ್ತದೆ. ಆದರೆ ಹೆಚ್ಚಿನ ಕಡೆ ಅದರ ಸಾರು ಕೋಳಿ ಮೂಳೆಯದು, ಕೇಳದೆ ತಿನ್ನಬೇಡಿ. ಇಲ್ಲಿಯ ಹಾಲು, ಬೆಣ್ಣೆ, ಸಾಫ್ಟ್ ಐಸ್‌ಕ್ರೀಮ್ ಮಾತ್ರ ಜಪಾನಿಗೇ ಹೆಸರುವಾಸಿ.

ಬೆಳಗಿನ ತಿಂಡಿಗೆ ನಾವು ಅವಲಕ್ಕಿ, ಉಪ್ಪಿಟ್ಟಿನ ರೆಡಿಮಿಕ್ಸ್, ಚಟ್ನಿಪುಡಿ ಒಯ್ದಿದ್ದೆವು. ಹೋಟೆಲ್ ಕೋಣೆಯಲ್ಲಿ ನೀರು ಕಾಯಿಸುವ ಕೆಟಲ್ ಸಾಮಾನ್ಯವಾಗಿ ಇರುತ್ತದೆ. ಹಸಿ ಕರಿಬೇವು, ಹಣ್ಣು, ತರಕಾರಿ ಒಯ್ಯಬೇಡಿ, ಕಸ್ಟಮ್ಸಿನಲ್ಲಿ ತೆಗೆಸುತ್ತಾರೆ.

ಕೊನೆಯ ಹೆಜ್ಜೆ: ವಾಪಸ್ ಹೊರಡುವ ದಿನ

ಆ ದಿನ ಊರೊಳಗೆ ಏನೂ ಇಟ್ಟುಕೊಳ್ಳದೆ ಮೂರು-ನಾಲ್ಕು ಗಂಟೆ ಮುಂಚೆ ನ್ಯೂ ಚಿಟೋಸೆಗೆ ಬಂದುಬಿಡಿ. ದೇಶದೊಳಗಿನ ಮತ್ತು ಹೊರದೇಶದ ಟರ್ಮಿನಲ್‌ಗಳ ನಡುವೆ ಮೂರನೇ ಮಹಡಿಯಲ್ಲಿ ಡೋರೆಮಾನ್ ಆಟದ ಜಾಗ ಇದೆ. ಅದೇ ದಾರಿಯಲ್ಲಿ ಗಾಜಿನ ಆಚೆ ಚಾಕೊಲೇಟ್ ತಯಾರಾಗುವುದು ಕಾಣುತ್ತದೆ. ಊರಿಗೆ ತರುವ ಸಿಹಿಯನ್ನೂ ಇಲ್ಲೇ ಕೊಳ್ಳಬಹುದು. ಮೊಟ್ಟೆ ತಿನ್ನದವರಿಗೆ ಕೊಡುವುದಾದರೆ ಇಲ್ಲಿಯ ಹೆಸರಾದ ಶಿರೋಯಿ ಕೊಯಿಬಿತೊ ಬಿಸ್ಕತ್ತು ಬೇಡ, ಅದರಲ್ಲಿ ಮೊಟ್ಟೆ ಇದೆ. ಸಾಮಾನು ಚೆಕ್-ಇನ್ ಮಾಡಿ, ಒಬ್ಬರು ಅಂಗಡಿಗೆ, ಒಬ್ಬರು ಮಕ್ಕಳ ಜೊತೆ ಡೋರೆಮಾನ್ ಕಡೆಗೆ. ನಮ್ಮ ಮಗ ಅಲ್ಲಿಂದ ನೇರ ವಿಮಾನ ಹತ್ತಿ, ಅದು ಮೇಲೇಳುವ ಮುಂಚೆಯೇ ಅತ್ತೆಯವರ ತೊಡೆ ಮೇಲೆ ತಲೆಯಿಟ್ಟು ನಿದ್ದೆ ಹೋದ.